ಪಿಎಸ್ ವೀಟಾದಲ್ಲಿ ಬ್ಯಾಕಪ್ ಮಾಡಿಟ್ಟ ಆಟ, ಸೇವ್ ವಾಪಸ್ ತರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸೋನಿಯವರ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಪಿಎಸ್ ವೀಟಾದಲ್ಲಿ ಒಂದು ದೊಡ್ಡ ರೋಲ್‌ಪ್ಲೇಯಿಂಗ್ ಆಟ ಶುರು ಮಾಡಿದ ಹೊಸತರಲ್ಲೇ ಅದನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿ ಇಟ್ಟುಕೊಂಡಿದ್ದೆ. ಆಮೇಲೆ ತಿಂಗಳುಗಟ್ಟಲೆ ಆಡಿದೆ. ಒಂದು ದಿನ ಆಟ ತೆರೆದ ಕೂಡಲೇ ತಾನಾಗಿಯೇ ಮುಚ್ಚಿಕೊಳ್ಳಲು ಶುರುವಾಯಿತು. ಫೈಲ್ ಎಲ್ಲೋ ಕೆಟ್ಟಿರಬೇಕು, ಕಂಪ್ಯೂಟರ್‌ನಲ್ಲಿರುವ ಒಳ್ಳೆಯ ಕಾಪಿಯನ್ನು ಅದರ ಮೇಲೆ ಹಾಕೋಣ ಅಂದುಕೊಂಡೆ. ಈಗಾಗಲೇ ಇರುವುದರ ಮೇಲೆ ಬರೆಯಬೇಕಾ ಅಂತ ವೀಟಾ ಕೇಳಿತು. ಹೌದು ಅಂತ ಒತ್ತಿದೆ. ಆಟ ಚೆನ್ನಾಗಿಯೇ ತೆರೆಯಿತು. ಲೋಡ್ ಪರದೆಯಲ್ಲಿ ಒಂದೇ ಒಂದು ಸೇವ್ (ಆಟದಲ್ಲಿ ಎಲ್ಲಿವರೆಗೆ ಬಂದಿದ್ದೇವೆ ಅನ್ನುವ ದಾಖಲೆ) ಇತ್ತು: ಆಡಿದ ಸಮಯ 3 ಗಂಟೆ 12 ನಿಮಿಷ. ಹಿಂದಿನ ರಾತ್ರಿ ಅದೇ ಜಾಗದಲ್ಲಿ 58 ಗಂಟೆ ಅಂತ ಇತ್ತು.

ಆದದ್ದು ಇಷ್ಟೇ. ವೀಟಾ ಆಟವನ್ನು ಕಾಪಿ ಮಾಡುವಾಗ ಅದರ ಸೇವ್ ಅನ್ನೂ ಜೊತೆಗೇ ಕಟ್ಟಿಕೊಂಡು ಹೋಗುತ್ತದೆ. ವಾಪಸ್ ಬರುವಾಗಲೂ ಹಾಗೇ, ಎರಡೂ ಒಟ್ಟಿಗೇ ಬರುತ್ತವೆ. ನನ್ನ ಹಳೆಯ ಕಾಪಿಯಲ್ಲಿ ಹಳೆಯ ಸೇವ್ ಇತ್ತು, ಅದು ಬಂದು ಹೊಸದರ ಜಾಗದಲ್ಲಿ ಕೂತಿತು. ಆಟವನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಆ 58 ಗಂಟೆ ಯಾವ ಸರ್ವರ್‌ನಲ್ಲೂ ಇರಲಿಲ್ಲ.

ಹಾಗಾಗಿ ಈ ಬರಹದಲ್ಲಿ ಒಂದು ಮಾತನ್ನು ಪದೇ ಪದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಹಳೆಯದನ್ನು ವಾಪಸ್ ತರುವ ಮೊದಲು ಈಗ ಇರುವುದನ್ನು ತೆಗೆದಿಡಿ. ಈಗಿನದು ಕೆಟ್ಟಿದೆ ಅನ್ನಿಸಿದರೂ ತೆಗೆದಿಡಿ.

ಬ್ಯಾಕಪ್ ಎಲ್ಲಿರುತ್ತದೆ, ಒಳಗೆ ಏನಿರುತ್ತದೆ

ವೀಟಾ ಜಪಾನಿನಲ್ಲಿ 2011ರ ಡಿಸೆಂಬರ್‌ನಲ್ಲಿ ಬಂತು, 2019ರಲ್ಲಿ ತಯಾರಿಕೆ ನಿಂತಿತು. ಅದರ ಮೆಮೊರಿ ಕಾರ್ಡ್ ಸೋನಿಯವರು ವೀಟಾಗೆ ಅಂತಲೇ ಮಾಡಿದ್ದು. 4, 8, 16, 32, 64 ಜಿಬಿ ಅಳತೆಗಳಲ್ಲಿ ಸಿಗುತ್ತಿತ್ತು. ಮಾಮೂಲಿ ಕಾರ್ಡ್ ರೀಡರ್‌ಗೆ ಅದು ಹಿಡಿಸುವುದೇ ಇಲ್ಲ. ಅಂದರೆ ಕಾರ್ಡ್ ತೆಗೆದು ಕಂಪ್ಯೂಟರ್‌ಗೆ ಹಾಕಿ ಫೈಲ್ ಎಳೆದುಕೊಳ್ಳುವ ದಾರಿ ಇಲ್ಲಿಲ್ಲ. ವೀಟಾದ ಒಳಗಿರುವ ಕಂಟೆಂಟ್ ಮ್ಯಾನೇಜರ್ ಮತ್ತು ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ಕಂಟೆಂಟ್ ಮ್ಯಾನೇಜರ್ ಅಸಿಸ್ಟೆಂಟ್, ಇವೆರಡೂ ಸೇರಿಯೇ ಈ ಕೆಲಸ ಮಾಡಬೇಕು. ಅಸಿಸ್ಟೆಂಟ್ ಬದಲು ಕ್ಯೂಸಿಎಂಎ ಅನ್ನುವ ಓಪನ್ ಸೋರ್ಸ್ ತಂತ್ರಾಂಶವೂ ಇದೆ, ಲಿನಕ್ಸ್‌ನಲ್ಲಿ ಕೆಲಸ ಮಾಡುವವರಿಗೆ ಅದೇ ಗತಿ. ಆದರೆ ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಒಂದಕ್ಕೊಂದು ಅಡ್ಡ ಬರುತ್ತವೆ.

ವಿಂಡೋಸ್‌ನಲ್ಲಿ ನೀವು ಬೇರೆ ಜಾಗ ಆರಿಸದೇ ಇದ್ದರೆ ಡಾಕ್ಯುಮೆಂಟ್ಸ್ ಒಳಗೆ 'ಪಿಎಸ್ ವೀಟಾ' ಅನ್ನುವ ಫೋಲ್ಡರ್ ಇರುತ್ತದೆ. ಅದನ್ನು ಒಮ್ಮೆ ತೆರೆದು ನೋಡಿ. 'ಆ್ಯಪ್' ಅನ್ನುವುದರಲ್ಲಿ ವೀಟಾ ಆಟಗಳು, 'ಪಿಗೇಮ್'ನಲ್ಲಿ ವೀಟಾಗೂ ಹಿಂದಿನ ಸೋನಿ ಯಂತ್ರ ಪಿಎಸ್‌ಪಿಯ ಆಟಗಳು, 'ಪಿಎಸ್‌ಗೇಮ್'ನಲ್ಲಿ ಮೊದಲ ಪ್ಲೇಸ್ಟೇಷನ್ನಿನ ಆಟಗಳು, 'ಪಿಸೇವ್‌ಡೇಟಾ'ದಲ್ಲಿ ಈ ಹಳೆಯ ಆಟಗಳ ಸೇವ್‌ಗಳು, 'ಸಿಸ್ಟಮ್'ನಲ್ಲಿ ಇಡೀ ಸಿಸ್ಟಮ್‌ನ ಬ್ಯಾಕಪ್. ಪ್ರತಿಯೊಂದರ ಒಳಗೂ 16 ಅಕ್ಷರಗಳ ವಿಚಿತ್ರ ಹೆಸರಿನ ಇನ್ನೊಂದು ಫೋಲ್ಡರ್ ಕಾಣುತ್ತದೆ. ಅದು ಸೋನಿಯ ಆನ್‌ಲೈನ್ ಸೇವೆಯಲ್ಲಿ ನಿಮಗಿರುವ ಪ್ಲೇಸ್ಟೇಷನ್ ನೆಟ್‌ವರ್ಕ್ ಖಾತೆಯ ಗುರುತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

'ಆ್ಯಪ್' ಒಳಗಿನ ಆಟಗಳಿಗೆ ಹೆಸರಿರುವುದಿಲ್ಲ, ನಂಬರ್ ಇರುತ್ತದೆ. ಅಮೆರಿಕದ ಆವೃತ್ತಿ ಆದರೆ ಪಿಸಿಎಸ್‌ಇ ಅಥವಾ ಪಿಸಿಎಸ್‌ಎ, ಯುರೋಪಿನದ್ದಾದರೆ ಪಿಸಿಎಸ್‌ಬಿ, ಜಪಾನಿನದ್ದಾದರೆ ಪಿಸಿಎಸ್‌ಜಿ ಹೀಗೆ ಶುರುವಾಗಿ ಐದು ಅಂಕಿ ಬರುತ್ತವೆ. ಅದರ ಒಳಗೂ ಸಣ್ಣ ಸಣ್ಣ ಫೋಲ್ಡರ್‌ಗಳು: ಒಂದರಲ್ಲಿ ಆಟ, ಒಂದರಲ್ಲಿ ಲೈಸೆನ್ಸ್, 'ಸೇವ್‌ಡೇಟಾ' ಅನ್ನುವುದರಲ್ಲಿ ಸೇವ್. ಎಲ್ಲವೂ ನಿಮ್ಮ ಖಾತೆಗೆ ಕಟ್ಟುಬಿದ್ದು ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಬೀಗ ಹಾಕಿದ ಹಾಗೆ. ತೆರೆದು ನೋಡಲು ಆಗುವುದಿಲ್ಲ, ಆದರೆ ಆ ಫೈಲ್‌ನ ತಾರೀಖು ನೋಡಬಹುದು. ಈ ಕಾಪಿಯಲ್ಲಿರುವ ಸೇವ್ ಯಾವ ಕಾಲದ್ದು ಅಂತ ಅಂದಾಜು ಸಿಗುವುದು ಅದರಿಂದಲೇ. ನಾನು ಆವತ್ತು ಅರ್ಧ ನಿಮಿಷ ಆ ತಾರೀಖು ನೋಡಿದ್ದರೆ ಸಾಕಿತ್ತು.

ಶುರು ಮಾಡುವ ಮುಂಚೆ

ಮೊದಲು ಖಾತೆ. ಬ್ಯಾಕಪ್ ಮಾಡಿದಾಗ ವೀಟಾದಲ್ಲಿ ಯಾವ ಖಾತೆ ಇತ್ತೋ ವಾಪಸ್ ತರುವಾಗಲೂ ಅದೇ ಇರಬೇಕು. ಬೇರೆ ಖಾತೆ ಇದ್ದರೆ ಆಟ ಪಟ್ಟಿಯಲ್ಲೇ ಕಾಣಿಸುವುದಿಲ್ಲ. ಬ್ಯಾಕಪ್ ಹಾಳಾಗಿದೆ ಅಂತ ಜನ ಹೆದರುವುದು ಬಹಳ ಸಲ ಇದೇ ಕಾರಣಕ್ಕೆ. ಸೆಕೆಂಡ್ ಹ್ಯಾಂಡ್ ವೀಟಾ ತಂದಿದ್ದರೆ ಅದರಲ್ಲಿ ಹಳೆಯ ಮಾಲೀಕರ ಖಾತೆ ಇರಬಹುದು. ಅದನ್ನು ತೆಗೆಯಬೇಕಾದರೆ ಸಿಸ್ಟಮ್ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಬೇಕು. ಮೆಮೊರಿ ಕಾರ್ಡ್ ಕೂಡ ಖಾತೆಗೆ ಅಂಟಿಕೊಂಡಿರುತ್ತದೆ. ಬೇರೆ ಖಾತೆಯ ಕಾರ್ಡ್ ಹಾಕಿದರೆ ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಅದರಲ್ಲಿ ಬೇಕಾದ್ದು ಏನಾದರೂ ಇದ್ದರೆ ಅಲ್ಲೇ ನಿಲ್ಲಿಸಿ, ಕಾರ್ಡ್ ಹೊರಗೆ ತೆಗೆಯಿರಿ.

ಸೈನ್ ಇನ್ ಮಾಡುವಾಗ ಪಾಸ್‌ವರ್ಡ್ ತಪ್ಪು ಅಂತ ಬರುತ್ತಾ? ನೀವು ಹೊಡೆದದ್ದು ಸರಿ ಇದ್ದರೂ ಹಾಗೆ ಬರಬಹುದು. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಂಡಿದ್ದರೆ ವೀಟಾ ನಿಮ್ಮ ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಫೋನ್ ಅಥವಾ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ 'ಡಿವೈಸ್ ಸೆಟಪ್ ಪಾಸ್‌ವರ್ಡ್' ಅಂತ ಒಂದನ್ನು ಮಾಡಿಸಿಕೊಳ್ಳಬೇಕು. ವೀಟಾದಲ್ಲಿ ಅದನ್ನು ಹಾಕಿ. ಪಿಎಸ್3 ಮತ್ತು ಪಿಎಸ್‌ಪಿಗೂ ಇದೇ ಕಥೆ. ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್‌ನ ಪ್ಲೇಸ್ಟೇಷನ್ ನೆಟ್‌ವರ್ಕ್ ಭಾಗದಲ್ಲಿ ಸಿಸ್ಟಮ್ ಆ್ಯಕ್ಟಿವೇಶನ್ (ಈ ಯಂತ್ರದಲ್ಲಿ ನಿಮ್ಮ ಖಾತೆಯ ಆಟ ಆಡಲು ಅನುಮತಿ) ಆಗಿದೆಯಾ ನೋಡಿ. ಒಂದು ಖಾತೆಯಲ್ಲಿ ಇಷ್ಟೇ ಯಂತ್ರ ಆ್ಯಕ್ಟಿವ್ ಇರಬಹುದು ಅನ್ನುವ ಮಿತಿ ಇದೆ. ಕೆಟ್ಟುಹೋದ ಹಳೆಯ ವೀಟಾ ಆ ಜಾಗ ಹಿಡಿದುಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು.

ಇನ್ನು ಕೇಬಲ್. ಮೊದಲ ಮಾದರಿ, ಅಂದರೆ ಪಿಸಿಎಚ್ 1000, ಸೋನಿಯ ಸ್ವಂತ ಅಗಲವಾದ ಕೇಬಲ್ ಕೇಳುತ್ತದೆ. ಪಿಸಿಎಚ್ 2000ಕ್ಕೆ ಮಾಮೂಲಿ ಮೈಕ್ರೋ ಯುಎಸ್‌ಬಿ ಸಾಕು. ಆದರೆ ಮೈಕ್ರೋ ಯುಎಸ್‌ಬಿ ಕೇಬಲ್‌ಗಳಲ್ಲಿ ಬರೀ ಚಾರ್ಜ್ ಮಾಡುವಂಥವು ಜಾಸ್ತಿ. ವೀಟಾ ಚಾರ್ಜ್ ಆಗುತ್ತಿದೆ, ಕಂಪ್ಯೂಟರ್ ಮಾತ್ರ ಗುರುತು ಹಿಡಿಯುತ್ತಿಲ್ಲ ಅಂದರೆ ತಲೆ ಕೆಡಿಸಿಕೊಳ್ಳುವ ಮುಂಚೆ ಕೇಬಲ್ ಬದಲಿಸಿ. ವೈಫೈನಲ್ಲೂ ಈ ಕೆಲಸ ಆಗುತ್ತದೆ. ಆದರೆ ನಿಧಾನ, ನಡುವೆ ಕಡಿದುಹೋದರೆ ಮತ್ತೆ ಮೊದಲಿನಿಂದ. ಕೇಬಲ್ ಇದ್ದರೆ ಕೇಬಲ್ಲೇ ಸರಿ. ಯುಎಸ್‌ಬಿ ಹಬ್ ಬೇಡ, ನೇರ ಕಂಪ್ಯೂಟರ್‌ಗೇ ಚುಚ್ಚಿ.

ವೀಟಾ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿತ್ತಾ? ಹಾಗಾದರೆ ಪೂರ್ತಿ ಚಾರ್ಜ್ ಮಾಡಿ, ತಾರೀಖು ಸಮಯ ಸರಿಪಡಿಸಿ, ಸಿಸ್ಟಮ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಳ್ಳಿ. ಕೆಲಸ ನಡೆಯುವಾಗ ಬ್ಯಾಟರಿ ಸತ್ತರೆ ಅರ್ಧಕ್ಕೆ ನಿಂತ ಕಾಪಿ ಯಾವುದಕ್ಕೂ ಬರುವುದಿಲ್ಲ.

ಈಗ ಇರುವುದನ್ನು ತೆಗೆದಿಡುವುದು

ವಾಪಸ್ ತರಬೇಕಾದ ಆಟ ಈಗ ವೀಟಾದಲ್ಲಿ ಇಲ್ಲವೇ ಇಲ್ಲ ಅಂದರೆ ಈ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು. ಇದೆ ಅಂದರೆ ದಯವಿಟ್ಟು ಓದಿ.

ಇಲ್ಲೊಂದು ಸಿಕ್ಕು ಇದೆ. ವೀಟಾದಿಂದ ಕಂಪ್ಯೂಟರ್‌ಗೆ ಅದೇ ಆಟವನ್ನು ಮತ್ತೆ ಕಾಪಿ ಮಾಡಿದರೆ ಕಂಪ್ಯೂಟರ್‌ನಲ್ಲಿದ್ದ ಹಳೆಯ ಕಾಪಿಯ ಮೇಲೆ ಬರೆಯುತ್ತದೆ. ಆಗ ವಾಪಸ್ ತರಬೇಕು ಅಂದುಕೊಂಡದ್ದೇ ಹೋಗಿಬಿಡುತ್ತದೆ! ಆದ್ದರಿಂದ ಮೊದಲು ಕಂಪ್ಯೂಟರ್‌ನಲ್ಲಿ ಆ ಆಟದ ಫೋಲ್ಡರ್ ಹುಡುಕಿ, ಅದನ್ನು ಪೂರ್ತಿಯಾಗಿ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಆಟದ ನಂಬರ್ ಇರುವ ಫೋಲ್ಡರ್‌ನ ಹೆಸರು ಬದಲಿಸಬೇಡಿ. ಬದಲಿಗೆ 'ಹಳೆಯದು, 2021 ಮೇ' ಅಂತ ಹೊಸ ಫೋಲ್ಡರ್ ಮಾಡಿ ಅದರೊಳಗೆ ಇಡಿ. ಆಮೇಲೆ ವೀಟಾದಿಂದ ಈಗಿನದನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿ, ಅದನ್ನೂ 'ಹೊಸದು' ಅಂತ ತಾರೀಖು ಹಾಕಿ ಪಕ್ಕಕ್ಕೆ ಇಡಿ. ಈಗ ನಿಮ್ಮ ಹತ್ತಿರ ಎರಡೂ ಇವೆ. ಯಾವುದನ್ನು ಬೇಕಾದರೂ 'ಆ್ಯಪ್' ಒಳಗಿನ ಅದರ ಮೊದಲಿನ ಜಾಗಕ್ಕೆ ಮತ್ತೆ ಹಾಕಿ ವೀಟಾಗೆ ಕಳಿಸಬಹುದು, ಹೆಚ್ಚುಕಮ್ಮಿ ಆದರೆ ಇನ್ನೊಂದನ್ನು ಕಳಿಸಬಹುದು. ಹಾಗೆ ಕೈಯಾರೆ ಹಾಕಿದ ಮೇಲೆ ಏನು ಮಾಡಬೇಕು ಅನ್ನುವುದು ಮುಂದೆ ಹಳೆಯ ಹಾರ್ಡ್ ಡಿಸ್ಕ್‌ನ ಭಾಗದಲ್ಲಿದೆ.

ಇನ್ನೊಂದು ಮಾತು. ಜಾಗ ಮಾಡೋಣ ಅಂತ ವೀಟಾದಲ್ಲಿರುವ ಆಟವನ್ನು ಸುಮ್ನೆ ಡಿಲೀಟ್ ಮಾಡಬೇಡಿ. ಆಟ ಅಳಿಸಿದರೆ ಅದರ ಸೇವ್ ಕೂಡ ಅಳಿಯುತ್ತದೆ. ಬೇರೆ ಎಷ್ಟೋ ಯಂತ್ರಗಳಲ್ಲಿ ಆಟ ಹೋದರೂ ಸೇವ್ ಉಳಿಯುತ್ತದೆ, ಅದೇ ಅಭ್ಯಾಸದಲ್ಲಿ ಇಲ್ಲಿ ಕೈ ಸುಟ್ಟುಕೊಂಡವರು ತುಂಬಾ ಜನ.

ಒಂದೊಂದೇ ಆಟ ವಾಪಸ್ ತರುವುದು

ಹೆಚ್ಚಿನವರಿಗೆ ಬೇಕಾಗುವುದು ಇದೇ.

1. ಕಂಪ್ಯೂಟರ್‌ನಲ್ಲಿ ಅಸಿಸ್ಟೆಂಟ್ ಶುರು ಮಾಡಿ. ಅದರ ಸೆಟ್ಟಿಂಗ್ಸ್‌ನಲ್ಲಿ 'ಅಪ್ಲಿಕೇಶನ್ಸ್, ಬ್ಯಾಕಪ್ಸ್' ಎದುರಿಗೆ ಇರುವ ಫೋಲ್ಡರ್, ನಿಮ್ಮ ಬ್ಯಾಕಪ್ ಇರುವ ಫೋಲ್ಡರೇ ಹೌದಾ ನೋಡಿ. ಕಂಪ್ಯೂಟರ್ ಬದಲಿಸಿದವರು ಎಡವುವುದು ಇಲ್ಲೇ.

2. ಕೇಬಲ್ ಹಾಕಿ, ವೀಟಾದಲ್ಲಿ ಕಂಟೆಂಟ್ ಮ್ಯಾನೇಜರ್ ತೆರೆಯಿರಿ. 'ಕಾಪಿ ಕಂಟೆಂಟ್' ಒತ್ತಿ, 'ಪಿಸಿ' ಆರಿಸಿ.

3. ಎರಡು ಆಯ್ಕೆ ಬರುತ್ತವೆ: ಒಂದು ಪಿಸಿಯಿಂದ ವೀಟಾಗೆ, ಇನ್ನೊಂದು ವೀಟಾದಿಂದ ಪಿಸಿಗೆ. ನಡುವೆ ಒಂದು ಬಾಣದ ಗುರುತು, ಅಷ್ಟೇ ವ್ಯತ್ಯಾಸ. ಇಲ್ಲಿ ಬೇಕಾಗಿರುವುದು ಪಿಸಿಯಿಂದ ವೀಟಾಗೆ. ಒತ್ತುವ ಮುಂಚೆ ಬಾಯಲ್ಲೇ ಒಮ್ಮೆ ಓದಿಕೊಳ್ಳಿ. ನಾನು ಈಗಲೂ ಓದುತ್ತೇನೆ.

4. 'ಅಪ್ಲಿಕೇಶನ್ಸ್' ಒಳಗೆ ಹೋಗಿ ಆಟ ಯಾವ ಬಗೆಯದು ಅಂತ ಆರಿಸಿ. ವೀಟಾ ಆಟಕ್ಕೆ ಒಂದು ಸಾಲು, ಪಿಎಸ್‌ಪಿ ಆಟಕ್ಕೆ ಇನ್ನೊಂದು, ಹಳೆಯ ಪ್ಲೇಸ್ಟೇಷನ್ ಆಟಕ್ಕೆ ಮತ್ತೊಂದು.

5. ಬೇಕಾದ ಆಟಕ್ಕೆ ಟಿಕ್ ಹಾಕಿ 'ಕಾಪಿ' ಒತ್ತಿ. ಮೇಲೆ ಬರೆಯಬೇಕಾ ಅಂತ ಕೇಳಿದರೆ, ಈಗಿನದು ಕಂಪ್ಯೂಟರ್‌ನಲ್ಲಿ ಬೇರೆ ಕಡೆ ಇದೆಯಾ ಅಂತ ಇನ್ನೊಂದು ಸಲ ನೋಡಿ ಆಮೇಲೆ ಹೌದು ಅನ್ನಿ.

ಹತ್ತು ಆಟ ಇದ್ದರೂ ಹತ್ತಕ್ಕೂ ಒಟ್ಟಿಗೆ ಟಿಕ್ ಹಾಕಬೇಡಿ ಅನ್ನುವುದು ನನ್ನ ಸಲಹೆ. ಮೊದಲು ಒಂದು ಚಿಕ್ಕ ಆಟ ತನ್ನಿ, ತೆರೆದು ನೋಡಿ. ಕೇಬಲ್, ಖಾತೆ, ಲೈಸೆನ್ಸ್ ಎಲ್ಲಾ ಸರಿ ಇದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. 3 ಜಿಬಿ ಆಟ ಕಾಪಿ ಆಗುವವರೆಗೆ ಕಾದು ಆಮೇಲೆ ಖಾತೆ ಸರಿಯಿಲ್ಲ ಅಂತ ತಿಳಿಯುವುದಕ್ಕಿಂತ ಇದು ವಾಸಿ, ಅಲ್ವಾ?

ಪಿಎಸ್‌ಪಿ ಮತ್ತು ಹಳೆಯ ಪ್ಲೇಸ್ಟೇಷನ್ ಆಟಗಳ ವಿಷಯದಲ್ಲಿ ವೀಟಾ ಬೇರೆ ಥರ ನಡೆದುಕೊಳ್ಳುತ್ತದೆ. ಅವುಗಳ ಸೇವ್ ಆಟದ ಜೊತೆ ಬರುವುದಿಲ್ಲ, ಕಂಟೆಂಟ್ ಮ್ಯಾನೇಜರ್‌ನಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇದೆ. ಆಟ ತಂದು, ಸೇವ್ ತರುವುದನ್ನು ಮರೆತು, ಎಲ್ಲಾ ಹೋಯಿತು ಅಂತ ಅಂದುಕೊಳ್ಳಬೇಡಿ. ಹಿಂದಕ್ಕೆ ಹೋಗಿ ಸೇವ್ ಡೇಟಾದ ಸಾಲು ಒತ್ತಿ, ಅದನ್ನೂ ಹೀಗೇ ಕಾಪಿ ಮಾಡಿ.

ಡೌನ್‌ಲೋಡ್ ಅಲ್ಲದೆ ಚಿಕ್ಕ ಆಟದ ಕಾರ್ಡ್ ರೂಪದಲ್ಲಿ ಕೊಂಡ ಆಟಗಳಲ್ಲಿ ಕೆಲವು ಸೇವ್ ಅನ್ನು ಆಟದ ಕಾರ್ಡ್‌ನಲ್ಲೇ ಇಟ್ಟುಕೊಳ್ಳುತ್ತವೆ, ಕೆಲವು ಮೆಮೊರಿ ಕಾರ್ಡ್‌ನಲ್ಲಿ ಇಡುತ್ತವೆ. ಕಾರ್ಡ್‌ನಲ್ಲೇ ಇದ್ದರೆ ವೀಟಾ ಬದಲಾದರೂ ಸೇವ್ ಅದರ ಜೊತೆಗೇ ಬರುತ್ತದೆ. ಹಾಗಾಗಿ ಮೊದಲು ಕಾರ್ಡ್ ಹಾಕಿ ಆಟ ತೆರೆದು ನೋಡಿ. ಅಲ್ಲಿ ಸೇವ್ ಕಾಣಿಸಿದರೆ ಮತ್ತೇನೂ ಮಾಡಬೇಕಾಗಿಲ್ಲ.

ಹಳೆಯ ಹಾರ್ಡ್ ಡಿಸ್ಕ್‌ನಿಂದ ತರುವುದಾದರೆ

ಬ್ಯಾಕಪ್ ಹಳೆಯ ಕಂಪ್ಯೂಟರ್‌ನಲ್ಲಿ ಉಳಿದಿದೆ, ವೀಟಾಗೆ ಜೋಡಿಸುವುದು ಹೊಸ ಕಂಪ್ಯೂಟರ್. ಇದು ತುಂಬಾ ಜನರ ಪರಿಸ್ಥಿತಿ. ಹೊಸ ಕಂಪ್ಯೂಟರ್‌ನಲ್ಲಿ ಮೊದಲು ಯಾವುದಾದರೂ ಒಂದು ಚಿಕ್ಕ ಆಟವನ್ನು ವೀಟಾದಿಂದ ಕಾಪಿ ಮಾಡಿ. ಆಗ 'ಆ್ಯಪ್' ಫೋಲ್ಡರ್, ಅದರೊಳಗೆ ನಿಮ್ಮ ಖಾತೆಯ 16 ಅಕ್ಷರಗಳ ಫೋಲ್ಡರ್, ಎರಡೂ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಹಳೆಯ ಡಿಸ್ಕ್‌ನಲ್ಲಿರುವ ಆ 16 ಅಕ್ಷರಗಳನ್ನೂ ಇದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಂದೇ ಇದ್ದರೆ ಸರಿ, ಹಳೆಯ ಆಟದ ಫೋಲ್ಡರ್‌ಗಳನ್ನು ಇದರೊಳಗೆ ಹಾಕಿ. ಬೇರೆ ಬೇರೆ ಇದ್ದರೆ ಆ ಬ್ಯಾಕಪ್ ಇನ್ನೊಂದು ಖಾತೆಯದ್ದು, ವೀಟಾದಲ್ಲಿ ಆ ಖಾತೆಯೇ ಬೇಕು. ಫೋಲ್ಡರ್ ಹೆಸರು ಬದಲಿಸಿದರೆ ಆಗುವುದಿಲ್ಲ, ಒಳಗಿನ ಬೀಗ ಹಳೆಯ ಖಾತೆಯದ್ದೇ.

ಕೈಯಾರೆ ಹಾಕಿದ ಫೋಲ್ಡರ್‌ಗಳು ತಕ್ಷಣ ಪಟ್ಟಿಯಲ್ಲಿ ಬರುವುದಿಲ್ಲ. ಪರದೆಯ ಮೂಲೆಯಲ್ಲಿರುವ ಅಸಿಸ್ಟೆಂಟ್ ಅಥವಾ ಕ್ಯೂಸಿಎಂಎ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಫ್ರೆಶ್ ಡೇಟಾಬೇಸ್' ಒತ್ತಿ. ಅದು ಮುಗಿದ ಮೇಲೆ ವೀಟಾದಲ್ಲಿ ಪಟ್ಟಿ ತೆರೆಯಿರಿ.

ಇಡೀ ಸಿಸ್ಟಮ್ ವಾಪಸ್ ತರುವುದು, ಮತ್ತು 'ರಿಸ್ಟೋರ್' ಅನ್ನುವ ಪದ

ಕಂಟೆಂಟ್ ಮ್ಯಾನೇಜರ್‌ನಲ್ಲಿ ಇಡೀ ಸಿಸ್ಟಮ್ ಮತ್ತು ಮೆಮೊರಿ ಕಾರ್ಡ್ ಎರಡನ್ನೂ ಒಂದೇ ಗಂಟಾಗಿ ಬ್ಯಾಕಪ್ ಮಾಡುವ ಸೌಲಭ್ಯ ಇದೆ. ದೊಡ್ಡ ಕಾರ್ಡ್‌ಗೆ ಬದಲಾಗುವವರಿಗೆ ಇದು ಸಲೀಸು: ಹಳೆಯ ಕಾರ್ಡ್ ಇದ್ದಾಗ ಬ್ಯಾಕಪ್, ಹೊಸ ಕಾರ್ಡ್ ಹಾಕಿ ರಿಸ್ಟೋರ್. ಆದರೆ ಇದರಲ್ಲಿ ಆರಿಸಿ ತರುವ ಅವಕಾಶ ಇಲ್ಲ. ಆಗ ವೀಟಾದಲ್ಲಿರುವುದೆಲ್ಲ ಅಳಿದು ಬ್ಯಾಕಪ್ ದಿನದ ಸ್ಥಿತಿಗೆ ಹೋಗುತ್ತದೆ. ಆಮೇಲೆ ಆಡಿದ ಎಲ್ಲಾ ಆಟದ ಸೇವ್‌ಗಳೂ ಹೋಗುತ್ತವೆ. ಒಂದು ಆಟಕ್ಕೋಸ್ಕರ ಈ ದಾರಿ ಹಿಡಿಯಬೇಡಿ. ಮಾಡಲೇಬೇಕು ಅಂದರೆ ಮೊದಲು ಟ್ರೋಫಿಗಳನ್ನು (ಆಟದಲ್ಲಿನ ಸಾಧನೆಗೆ ಸಿಗುವ ಪದಕಗಳನ್ನು) ಸರ್ವರ್ ಜೊತೆ ಸಿಂಕ್ ಮಾಡಿ, ಈಗಿನ ಸ್ಥಿತಿಯದ್ದೂ ಒಂದು ಪೂರ್ತಿ ಬ್ಯಾಕಪ್ ತೆಗೆದಿಡಿ.

ಈಗ ಅತಿ ಮುಖ್ಯವಾದದ್ದು. ವೀಟಾದಲ್ಲಿ 'ರಿಸ್ಟೋರ್' ಅನ್ನುವ ಪದ ಎರಡು ಕಡೆ ಬರುತ್ತದೆ, ಎರಡು ಕಡೆಯೂ ಅರ್ಥ ಬೇರೆ. ಕಂಟೆಂಟ್ ಮ್ಯಾನೇಜರ್‌ನ ರಿಸ್ಟೋರ್ ನಿಮ್ಮ ಬ್ಯಾಕಪ್ ವಾಪಸ್ ತರುತ್ತದೆ. ಸೆಟ್ಟಿಂಗ್ಸ್‌ನ 'ಫಾರ್ಮ್ಯಾಟ್' ಒಳಗೆ ಮತ್ತು ಸೇಫ್ ಮೋಡ್‌ನಲ್ಲಿ (ಯಂತ್ರ ತೊಂದರೆ ಕೊಟ್ಟಾಗ ತೆರೆಯುವ ದುರಸ್ತಿ ಪರದೆಯಲ್ಲಿ) ಬರುವ 'ರಿಸ್ಟೋರ್' ಯಂತ್ರವನ್ನು ಅಂಗಡಿಯಿಂದ ತಂದ ದಿನದ ಹಾಗೆ ಖಾಲಿ ಮಾಡುತ್ತದೆ. ಸೇವ್ ವಾಪಸ್ ಬರುತ್ತದೆ ಅಂತ ನಂಬಿ ಎರಡನೆಯದನ್ನು ಒತ್ತಿದವರಿದ್ದಾರೆ. ನೀವು ಕಂಟೆಂಟ್ ಮ್ಯಾನೇಜರ್ ಒಳಗೆ ಇಲ್ಲ ಅಂದರೆ ಆ ಪದವನ್ನು ಮುಟ್ಟಬೇಡಿ.

ಸಿಕ್ಕಿಹಾಕಿಕೊಂಡರೆ

ಕಾಪಿ ಆಗಿದೆ, ಆದರೆ ಆಟದ ಗುಳ್ಳೆ (ದುಂಡನೆಯ ಐಕಾನ್) ಪರದೆಯಲ್ಲಿ ಕಾಣುತ್ತಿಲ್ಲವಾದರೆ ಡೇಟಾಬೇಸ್ ಮರುಕಟ್ಟಬೇಕು. ವೀಟಾವನ್ನು ಪೂರ್ತಿ ಆಫ್ ಮಾಡಿ. ಸುಮ್ನೆ ಮಲಗಿಸಿದರೆ ಸಾಲದು. ಆಮೇಲೆ ಆರ್ ಬಟನ್, ಪಿಎಸ್ ಬಟನ್, ಪವರ್ ಬಟನ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಸೇಫ್ ಮೋಡ್ ಬರುತ್ತದೆ. ಅಲ್ಲಿ ಎರಡನೆಯ ಸಾಲು 'ರೀಬಿಲ್ಡ್ ಡೇಟಾಬೇಸ್', ಅದನ್ನು ಆರಿಸಿ. ಅದರ ಕೆಳಗೇ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡುವ ಸಾಲು, ಆಮೇಲೆ ನಾನು ಈಗಷ್ಟೇ ಹೇಳಿದ ರಿಸ್ಟೋರ್ ಇರುತ್ತವೆ. ನಿಧಾನವಾಗಿ ಓದಿ ಒತ್ತಿ. ನನ್ನ ಆಟ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು ಅಂದೆನಲ್ಲ, ಆವತ್ತು ಮೊದಲು ಮಾಡಬೇಕಾಗಿದ್ದದ್ದು ಇದನ್ನೇ.

ಆಟ ಕಾಣುತ್ತದೆ, ತೆರೆದರೆ ಲೈಸೆನ್ಸ್ ಬಗ್ಗೆ ತಕರಾರು ಮಾಡುತ್ತದೆ ಅಂದರೆ ಆ್ಯಕ್ಟಿವೇಶನ್ ಮತ್ತು ತಾರೀಖು ಮತ್ತೆ ನೋಡಿ. ಆಟದ ಬ್ಯಾಕಪ್ಪೇ ಹಾಳಾಗಿದ್ದರೆ ಅದನ್ನು ಕೊಂಡ ಖಾತೆಯ ಡೌನ್‌ಲೋಡ್ ಪಟ್ಟಿಯಿಂದ ಮತ್ತೆ ಇಳಿಸಿಕೊಳ್ಳಬಹುದು. ವೀಟಾದ ಅಂಗಡಿ ಮುಚ್ಚುತ್ತೇವೆ ಅಂತ 2021ರ ಮಾರ್ಚ್‌ನಲ್ಲಿ ಸೋನಿ ಹೇಳಿತ್ತು, ಏಪ್ರಿಲ್‌ನಲ್ಲಿ ಆ ತೀರ್ಮಾನ ಕೈಬಿಟ್ಟಿತು. ಸೋನಿಯ ಹಣ ಕೊಟ್ಟು ಪಡೆಯುವ ಸೇವೆಯಾದ ಪಿಎಸ್ ಪ್ಲಸ್‌ನ ಚಂದಾ ಇದ್ದ ಕಾಲದಲ್ಲಿ ಆನ್‌ಲೈನ್ ಸ್ಟೋರೇಜ್‌ಗೆ ಸೇವ್ ಕಳಿಸಿದ್ದಿರಾ, ಅಲ್ಲೂ ಒಮ್ಮೆ ಇಣುಕಿ.

ಪಿಎಸ್‌ಪಿ ಇರುವವರಿಗೆ

ಪಿಎಸ್‌ಪಿಯಲ್ಲಿ ಇದೆಲ್ಲ ತುಂಬಾ ಸರಳ. ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಕನೆಕ್ಷನ್' ಒತ್ತಿದರೆ ಮೆಮೊರಿ ಸ್ಟಿಕ್ ಕಂಪ್ಯೂಟರ್‌ನಲ್ಲಿ ಪೆನ್ ಡ್ರೈವ್ ಥರ ತೆರೆಯುತ್ತದೆ. 'ಪಿಎಸ್‌ಪಿ' ಫೋಲ್ಡರ್, ಅದರೊಳಗೆ 'ಸೇವ್‌ಡೇಟಾ'. ಅದೇ ಜಾಗಕ್ಕೆ ಹಳೆಯ ಸೇವ್ ಫೋಲ್ಡರ್ ಹಾಕಿದರೆ ಮುಗಿಯಿತು. ಡೌನ್‌ಲೋಡ್ ಮಾಡಿ ಕೊಂಡ ಆಟಗಳು ಪಕ್ಕದ 'ಗೇಮ್' ಫೋಲ್ಡರ್‌ಗೆ ಹೋಗಬೇಕು.

ಒಂದು ವಿಷಯದಲ್ಲಿ ಮಾತ್ರ ಜೋಪಾನ. ಹಲವು ಆಟಗಳು ಪ್ರತಿ ಸ್ಲಾಟ್‌ಗೂ ಬೇರೆ ಫೋಲ್ಡರ್ ಮಾಡುತ್ತವೆ, ಸೆಟ್ಟಿಂಗ್ಸ್‌ಗೆ ಇನ್ನೊಂದು. ಎಲ್ಲದರ ಹೆಸರೂ ಆಟದ ಒಂದೇ ನಂಬರ್‌ನಿಂದ ಶುರುವಾಗುತ್ತದೆ, ಕೊನೆಯ ಅಕ್ಷರಗಳಷ್ಟೇ ಬೇರೆ. ಆ ನಂಬರ್ ಇರುವ ಎಲ್ಲಾ ಫೋಲ್ಡರ್‌ಗಳನ್ನೂ ಒಟ್ಟಿಗೆ ತನ್ನಿ. ಇಲ್ಲೂ ಅಷ್ಟೇ, ಅದೇ ಹೆಸರಿನದ್ದು ಮೊದಲೇ ಇದ್ದರೆ ಅದನ್ನು ಕಂಪ್ಯೂಟರ್‌ಗೆ ತೆಗೆದಿಟ್ಟು ಆಮೇಲೆ ಹಾಕಿ. ಪಿಎಸ್‌ಪಿಯ ಸೇವ್ಡ್ ಡೇಟಾ ಯುಟಿಲಿಟಿಯಲ್ಲಿ 'ಕರಪ್ಟೆಡ್ ಡೇಟಾ' ಅಂತ ತೋರಿಸಿದರೆ ಕಾಪಿ ಅರ್ಧ ಆಗಿರಬಹುದು. ಆ ಫೋಲ್ಡರ್ ತೆಗೆದು ಮತ್ತೊಮ್ಮೆ ಹಾಕಿ, ಕಂಪ್ಯೂಟರ್‌ನಲ್ಲಿ ಇಜೆಕ್ಟ್ ಮಾಡಿದ ಮೇಲೇ ಕೇಬಲ್ ಕೀಳಿ.

ತಂದದ್ದು ನಿಜವಾಗಿ ಬಂದಿದೆಯಾ

ಲೋಡ್ ಪರದೆಯಲ್ಲಿ ಸೇವ್ ಕಂಡ ಮಾತ್ರಕ್ಕೆ ಕೆಲಸ ಮುಗಿಯಿತು ಅನ್ನಬೇಡಿ. ಅಲ್ಲಿ ತೋರಿಸುವ ತಾರೀಖು, ಆಡಿದ ಗಂಟೆ ನೋಡಿ. ಲೋಡ್ ಮಾಡಿ ನಾಲ್ಕು ಹೆಜ್ಜೆ ನಡೆಯಿರಿ. ಖಾಲಿ ಸ್ಲಾಟ್‌ನಲ್ಲಿ ಹೊಸದಾಗಿ ಸೇವ್ ಮಾಡಿ, ತಂದ ಸೇವ್‌ನ ಮೇಲೆ ಬೇಡ. ಆಟ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಈಗ ಮಾಡಿದ ಸೇವ್ ಲೋಡ್ ಆಗುತ್ತದಾ ನೋಡಿ. ಅಪ್‌ಡೇಟ್ ಕೇಳಿದರೆ ಇದೆಲ್ಲ ಆದ ಮೇಲೆ ಹಾಕಿಕೊಳ್ಳಿ. 'ಹಳೆಯದು', 'ಹೊಸದು' ಅಂತ ತಾರೀಖು ಹಾಕಿಟ್ಟ ಎರಡು ಫೋಲ್ಡರ್‌ಗಳನ್ನು, ಆ ಆಟ ಆಡಿ ಮುಗಿಸುವವರೆಗೂ ಅಳಿಸಬೇಡಿ.